ಊರಿನಿಂದ ಬರುವ ಅಮ್ಮನಿಗೆ ನ್ಯೂಕಾಸಲ್ ಕಡೆಯಿಂದಲೇ ಧ್ರುವಪ್ರಭೆ (ನಾರ್ದರ್ನ್ ಲೈಟ್ಸ್) ತೋರಿಸಬಹುದೇ, ನಾರ್ವೆಗೇ ಕರೆದುಕೊಂಡು ಹೋಗಬೇಕೇ?

ಟೈನ್ ದಡದವಳು
ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆಯ ವಾರ ನನ್ನ ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬರುತ್ತಿದ್ದಾರೆ, ಏಳು ವಾರ ನ್ಯೂಕಾಸಲ್ ಪಕ್ಕದ ಗೇಟ್ಸ್‌ಹೆಡ್‌ನಲ್ಲಿ ನಮ್ಮ ಜೊತೆ ಇರುತ್ತಾರೆ. ಅಪ್ಪನಿಗೆ ಹೊತ್ತುಹೊತ್ತಿಗೆ ಕಾಫಿ ಸಿಕ್ಕರೆ ಸಾಕು. ಅಮ್ಮ ಮಾತ್ರ ಒಂದೇ ಒಂದು ವಿಷಯ ಕೇಳಿದ್ದಾರೆ: "ಆ ಹಸಿರು ಬೆಳಕು ತೋರಿಸುತ್ತೀಯಲ್ಲ?" ತಪ್ಪು ನನ್ನದೇ. 2024ರ ಮೇ 10ರಂದು, ಅಕ್ಷಯ ತೃತೀಯದ ರಾತ್ರಿ, ನಮ್ಮ ಹಿತ್ತಲಿನಿಂದ ತೆಗೆದ ಗುಲಾಬಿ-ಹಸಿರು ಆಕಾಶದ ಚಿತ್ರವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಅಮ್ಮ ಅದನ್ನು ಇಡೀ ಕೇರಿಗೆ ತೋರಿಸಿ ಬಂದಿದ್ದಾರೆ, ಈಗ ಅವರ ಲೆಕ್ಕದಲ್ಲಿ ನಮ್ಮ ಹಿತ್ತಲಲ್ಲಿ ಅದು ದಿನವೂ ಹತ್ತಿಕೊಳ್ಳುವ ದೀಪ. ನನ್ನ ಯಜಮಾನರು ನಾರ್ವೆಯ ಟ್ರೊಮ್ಸೊಗೆ ಮೂರು ದಿನದ ಪ್ರವಾಸ ಕಾದಿರಿಸೋಣ ಎನ್ನುತ್ತಿದ್ದಾರೆ, ನನಗೆ ಆ ಖರ್ಚಿನ ಬಗ್ಗೆ ಅನುಮಾನ. ಇಲ್ಲಿಯೇ ಕಂಡವರು ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ತಿಳಿಸಬೇಕು.

ಲೀಡ್ಸ್ ಲೆಕ್ಕಿಗ
ಖಂಡಿತ ನಾರ್ವೆಗೇ ಹೋಗಿ. ಇಂಗ್ಲೆಂಡಿನಲ್ಲಿ ಧ್ರುವಪ್ರಭೆಗಾಗಿ ಕಾಯುವುದು ಬಯಲುಸೀಮೆಯಲ್ಲಿ ಕಾಳಿಂಗ ಸರ್ಪ ಹುಡುಕಿದ ಹಾಗೆ. ಒಂದು ಎಚ್ಚರಿಕೆ: ಬ್ರಿಟನ್ನಿನ ವೀಸಾ ನಾರ್ವೆಗೆ ನಡೆಯುವುದಿಲ್ಲ, ಹಿರಿಯರಿಗೆ ಷೆಂಗೆನ್ ವೀಸಾ ಬೇರೆಯೇ ಬೇಕು. ಅದನ್ನು ಊರಿನಿಂದ ಹೊರಡುವ ಮೊದಲೇ ಮಾಡಿಸಿಕೊಂಡರೆ ಒಳ್ಳೆಯದು.

ಮೋಡದ ಮ್ಯಾಂಚೆಸ್ಟರ್
ಲೆಕ್ಕಿಗರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಆರು ವರ್ಷಗಳಿಂದ ಇಲ್ಲಿದ್ದು ನಾನು ಎರಡು ಬಾರಿ ಕಂಡಿದ್ದೇನೆ, ಎರಡೂ 2024ರಲ್ಲಿ. ಮೊದಲನೆಯದು ನೀವು ಹೇಳಿದ ಮೇ ತಿಂಗಳ ರಾತ್ರಿ, ಎರಡನೆಯದು ಅಕ್ಟೋಬರ್ 10. ಅಂದು ನವರಾತ್ರಿ, ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದೆವು, ಹತ್ತು ಹನ್ನೆರಡು ಮಂದಿ ಹೆಂಗಸರು ಮಕ್ಕಳು ಸೇರಿದ್ದರು. ಆರತಿಯ ಹೊತ್ತಿಗೆ ಪಕ್ಕದ ಮನೆಯ ಮುದುಕಪ್ಪ ಬಾಗಿಲು ಬಡಿದಾಗ ಹಾಡಿನ ಸದ್ದು ಹೆಚ್ಚಾಯಿತೆಂದು ದೂರಲು ಬಂದಿರಬೇಕೆಂದುಕೊಂಡು ನಾನು ಕ್ಷಮೆ ಕೇಳಲು ಸಿದ್ಧಳಾಗಿಯೇ ಹೋದೆ, ಅವರು ಮಾತಾಡದೆ ಕೈಯೆತ್ತಿ ಮೇಲೆ ತೋರಿಸಿದರು. ಬೀದಿದೀಪಗಳ ನಡುವೆಯೂ ಆಕಾಶ ಕೆಂಪಾಗಿತ್ತು. ಬಂದವರೆಲ್ಲ ರೇಷ್ಮೆ ಸೀರೆಯಲ್ಲಿ ರಸ್ತೆಯ ಮೇಲೆ ನಡುಗುತ್ತ ನಿಂತೆವು, ಕೋಸಂಬರಿ ಒಳಗೇ ಉಳಿಯಿತು. ಆದರೆ ಅಂಥ ರಾತ್ರಿಯನ್ನು ಏಳು ವಾರದೊಳಗೆ ತರಿಸಿಕೊಡುತ್ತೇನೆಂದು ಯಾರಿಗೂ ಮಾತು ಕೊಡಬೇಡಿ.

ಡರ್ಹಾಮ್ ಮೇಷ್ಟ್ರು
ಇಲ್ಲಿ ಎರಡು ಬೇರೆ ಬೇರೆ ಅನುಭವಗಳು ಕಲಸಿಹೋಗುತ್ತಿವೆ, ಅವನ್ನು ಬಿಡಿಸದೆ ಚರ್ಚೆ ಮುಂದೆ ಹೋಗದು.

2024ರ ಮೇ ತಿಂಗಳ ಭೂಕಾಂತ ಬಿರುಗಾಳಿ (ಸೂರ್ಯನಿಂದ ಬಂದ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಕಲಕುವುದು) ಜಿ5, ಅಂದರೆ ಅಳತೆಪಟ್ಟಿಯ ಕೊನೆಯ ಮೆಟ್ಟಿಲು. 2003ರ ಅಕ್ಟೋಬರ್ ನಂತರ ಅದು ಮುಟ್ಟಿದ್ದು ಅದೇ ಮೊದಲು. ಅಂದು ಧ್ರುವದ ಸುತ್ತ ಇರುವ ಪ್ರಭೆಯ ಉಂಗುರ ತೆಂಕಣಕ್ಕೆ ಇಳಿದು ನಮ್ಮ ನೆತ್ತಿಯ ಮೇಲೆಯೇ ಬಂದಿತ್ತು. ಅದನ್ನು ಅಳತೆಗೋಲು ಮಾಡಿಕೊಂಡರೆ ಉಳಿದ ಎಲ್ಲ ರಾತ್ರಿಗಳೂ ನಿರಾಸೆಯೇ.

ಉತ್ತರ ಇಂಗ್ಲೆಂಡಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬಾರಿ ಆಗುವುದು ಬೇರೆ: ಪ್ರಭೆ ಸ್ಕಾಟ್ಲೆಂಡಿನ ಉತ್ತರ ತುದಿಯಾಚೆಯ ಶೆಟ್‌ಲ್ಯಾಂಡ್ ದ್ವೀಪಗಳ ಮೇಲೆ ಇರುತ್ತದೆ, ನಾವು ಅದನ್ನು ಪಕ್ಕದಿಂದ, ದೂರದಿಂದ ಕಾಣುತ್ತೇವೆ. ಲೆಕ್ಕ ಸುಲಭ. ನ್ಯೂಕಾಸಲ್ 55 ಡಿಗ್ರಿ ಅಕ್ಷಾಂಶ, ಆ ದ್ವೀಪಗಳ ಮುಖ್ಯ ಊರು ಲೆರ್ವಿಕ್ 60. ನಡುವಿನ ದೂರ ಸುಮಾರು 575 ಕಿ.ಮೀ. ಹಸಿರು ಪ್ರಭೆಯ ಕೆಳಗಿನ ಅಂಚು ನೆಲದಿಂದ ಸುಮಾರು 110 ಕಿ.ಮೀ. ಎತ್ತರದಲ್ಲಿ ಇರುತ್ತದೆ. ಭೂಮಿಯ ಬಾಗನ್ನು ಕಳೆದರೆ ಅದು ನಮಗೆ ದಿಗಂತದಿಂದ 8 ಡಿಗ್ರಿ ಮೇಲೆ ಕಾಣಬೇಕು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಆದ್ದರಿಂದ ಉತ್ತರ ದಿಗಂತದ ಮೇಲೆ ಒಂದು ಮುಷ್ಟಿಯಷ್ಟು ಜಾಗವನ್ನು ಗುಡ್ಡವೋ ಮರವೋ ಮನೆಯ ಮಾಡೋ ಮುಚ್ಚಿದರೆ ಪ್ರದರ್ಶನವೂ ಮುಚ್ಚಿದ ಹಾಗೆಯೇ. ಜನ ನೆತ್ತಿ ನೋಡುತ್ತ ನಿಂತು "ಏನೂ ಇಲ್ಲ" ಎಂದು ಮನೆಗೆ ಹೋಗುತ್ತಾರೆ.

ಕೆಂಪಿನ ಕಥೆ ಬೇರೆ. ಅದು 200 ಕಿ.ಮೀ.ಗಿಂತ ಮೇಲೆ ಹುಟ್ಟುತ್ತದೆ, ಆದ್ದರಿಂದ ಇನ್ನೂ ದೂರದವರಿಗೂ ದಿಗಂತದ ಮೇಲೆ ಇಣುಕುತ್ತದೆ. ಎರಡಕ್ಕೂ ಕಾರಣ ಆಮ್ಲಜನಕವೇ, ಎತ್ತರ ಬೇರೆಯಾದಾಗ ಬಣ್ಣವೂ ಬೇರೆ.

ಸಂಡರ್ಲೆಂಡ್ ಸಂಸಾರಿ
ಮೇಷ್ಟ್ರೇ, ನನ್ನ ಮೊಬೈಲಿನ ಆಪ್ "ಕೆಪಿ 5, ನಿಮ್ಮ ಊರಿನಲ್ಲಿ ಕಾಣಬಹುದು" ಎಂದು ಮೂರು ಬಾರಿ ಹೇಳಿತು, ಮೂರು ಬಾರಿಯೂ ಮಡದಿಯನ್ನೂ ಮಗುವನ್ನೂ ಎಬ್ಬಿಸಿ ಸಮುದ್ರದ ದಂಡೆಗೆ ಹೋದೆ, ಮೂರು ಬಾರಿಯೂ ಬೈಗುಳ ತಿಂದೆ. ಇದಕ್ಕೇನು ಹೇಳುತ್ತೀರಿ?

ಡರ್ಹಾಮ್ ಮೇಷ್ಟ್ರು
ಕೆಪಿ ಎಂಬುದು ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು ಹೇಳುವ, ಇಡೀ ಭೂಮಿಗೆ ಸೇರಿದ, ಮೂರು ಗಂಟೆಗೊಮ್ಮೆ ಲೆಕ್ಕ ಹಾಕುವ ಅಂಕಿ. ಹತ್ತು ನಿಮಿಷ ಉರಿದು ಆರುವ ಪ್ರಭೆಗೆ ಅದನ್ನು ನಂಬುವುದು, ನಿನ್ನೆಯ ಪತ್ರಿಕೆ ಓದಿ ಇಂದಿನ ಬಸ್ಸಿಗೆ ಓಡಿದ ಹಾಗೆ. ನೋಡಬೇಕಾದದ್ದು ಸೌರಮಾರುತದ, ಅಂದರೆ ಸೂರ್ಯನಿಂದ ಬೀಸುವ ಕಣಗಳ ಹರಿವಿನ, ವೇಗವನ್ನೂ, ಅದು ಹೊತ್ತು ತರುವ ಕಾಂತಕ್ಷೇತ್ರದ ದಿಕ್ಕನ್ನೂ. "ಬಿಝೆಡ್" ಎಂದು ಬರೆದಿರುತ್ತಾರಲ್ಲ, ಅದು ಋಣವಾಗಿ, ಅಂದರೆ ದಕ್ಷಿಣಮುಖವಾಗಿ ಗಟ್ಟಿಯಾಗಿ ನಿಂತರೆ ಭೂಮಿಯ ಕಾಂತಕವಚದ ಬಾಗಿಲು ತೆರೆಯುತ್ತದೆ. ಉತ್ತರಮುಖವಾಗಿದ್ದರೆ ಸೂರ್ಯ ಎಷ್ಟೇ ಅಬ್ಬರಿಸಿದರೂ ನಮಗೆ ಬರುವುದು ಅಲ್ಪ.

ಇದನ್ನು ಅಳೆಯುವ ನೌಕೆಗಳು ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಬಳಿ ಇವೆ. ನಮ್ಮ ಇಸ್ರೋದ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಅಲ್ಲಿಯೇ ಸುತ್ತುತ್ತಿದೆ. ಮಾರುತ ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ ಬಂದರೆ ಅಲ್ಲಿಂದ ಇಲ್ಲಿಗೆ ಒಂದು ಗಂಟೆ, 800ರಲ್ಲಿ ಬಂದರೆ ಅರ್ಧ ಗಂಟೆ. ನಂಬಬಹುದಾದ ಮುನ್ಸೂಚನೆ ಇಷ್ಟೇ. ಬೂಟು ಹಾಕಿಕೊಳ್ಳುವಷ್ಟು ಸಮಯ.

ಲ್ಯಾಂಕಾಸ್ಟರ್ ವಿದ್ಯಾರ್ಥಿ
ಸಂಡರ್ಲೆಂಡ್ ಅಣ್ಣ, ಆ ಆಪ್ ತೆಗೆದುಹಾಕಿ, ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ನಡೆಸುವ ಅರೋರಾವಾಚ್ ಯುಕೆ ಎಚ್ಚರಿಕೆ ತರಿಸಿಕೊಳ್ಳಿ. ಅದು ಭವಿಷ್ಯ ಹೇಳುವುದಿಲ್ಲ. ಬ್ರಿಟನ್ನಿನ ನೆಲದಲ್ಲಿ ಇಟ್ಟಿರುವ ಕಾಂತಮಾಪಕಗಳು ಈ ಗಳಿಗೆಯಲ್ಲಿ ಎಷ್ಟು ಅಲುಗುತ್ತಿವೆ ಎಂದು ತಿಳಿಸುತ್ತದೆ. ಹಸಿರು ಎಂದರೆ ಮಲಗಿ, ಹಳದಿ ಎಂದರೆ ಕಿಟಕಿಯಿಂದ ಇಣುಕಿ, ಅಂಬರ್ (ಕಿತ್ತಳೆ ಬಣ್ಣ) ಬಂದರೆ ಉತ್ತರ ಇಂಗ್ಲೆಂಡಿನವರು ಹೊರಡಬಹುದು, ಕೆಂಪು ಬಂದರೆ ದಕ್ಷಿಣದವರೂ ಹೊರಗೆ ಬರಬಹುದು. ಪ್ರಭೆಯ ಹಸಿರಿಗೂ ಎಚ್ಚರಿಕೆಯ ಹಸಿರಿಗೂ ಸಂಬಂಧವಿಲ್ಲ, ನಮ್ಮ ಮಾವನವರು ಆರು ತಿಂಗಳು ಇದನ್ನೇ ತಪ್ಪು ತಿಳಿದಿದ್ದರು.

ಆದರೆ ಅದೂ ಬ್ರಹ್ಮವಾಕ್ಯವಲ್ಲ. 2016ರ ಆಗಸ್ಟಿನಲ್ಲಿ ಒಮ್ಮೆ ಕೆಂಪು ಎಚ್ಚರಿಕೆ ಹೊರಟಿತು. ವಿಚಾರಿಸಿದರೆ ವಿಶ್ವವಿದ್ಯಾಲಯದ ಆವರಣದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕುಳಿತವನೊಬ್ಬ ಕಾಂತಮಾಪಕದ ಹತ್ತಿರ ಹಾದುಹೋಗಿದ್ದ. ಅವರೇ ಒಪ್ಪಿಕೊಂಡು ಎಚ್ಚರಿಕೆ ಹಿಂತೆಗೆದುಕೊಂಡರು.

ಸಂಡರ್ಲೆಂಡ್ ಸಂಸಾರಿ
ಹಾಗಾದರೆ ನನ್ನ ಮೂರು ರಾತ್ರಿಗಳಿಗೂ ಯಾವುದೋ ಹುಲ್ಲು ಯಂತ್ರವೇ ಕಾರಣವೆಂದು ಮನೆಯಲ್ಲಿ ಹೇಳುತ್ತೇನೆ.

ಯಾರ್ಕ್ ಯಶೋದೆ
ನಾನು ಖಾರವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಧ್ರುವಪ್ರಭೆಯ ಚಿತ್ರಗಳಲ್ಲಿ ಹತ್ತಕ್ಕೆ ಎಂಟು ಮೋಸ. ಕಳೆದ ಚಳಿಗಾಲ ಗೆಳತಿಯೊಬ್ಬಳ ಜೊತೆ ವಿಟ್ಬಿಗೆ ಹೋಗಿದ್ದೆ. ನನ್ನ ಕಣ್ಣಿಗೆ ಕಂಡದ್ದು ಬೂದು ಬಣ್ಣದ ಮಂಜಿನ ಪಟ್ಟಿ, ಅವಳ ಕ್ಯಾಮೆರಾದಲ್ಲಿ ಮೂಡಿದ್ದು ಮದುವೆ ಮಂಟಪದ ಹಸಿರು. ಮರುದಿನ ಅವಳು ಆ ಚಿತ್ರ ಹಾಕಿ "ಮಾತುಗಳಿಲ್ಲ" ಎಂದು ಬರೆದಳು. ನನಗಂತೂ ಮಾತುಗಳಿದ್ದವು, ಸ್ನೇಹಕ್ಕಾಗಿ ನುಂಗಿಕೊಂಡೆ.

ಕೆಂಡಲ್ ಕನ್ನಡಿಗ
ಯಶೋದಕ್ಕ, ಮೋಸ ಎನ್ನುವುದು ಹೆಚ್ಚಾಯಿತು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ದಂಡಕೋಶಗಳು ಮಾತ್ರ ಕೆಲಸ ಮಾಡುತ್ತವೆ, ಅವುಗಳಿಗೆ ಬಣ್ಣ ತಿಳಿಯದು. ಬಣ್ಣ ಗ್ರಹಿಸುವ ಶಂಕುಕೋಶಗಳಿಗೆ ಅಷ್ಟು ಬೆಳಕು ಸಾಲದು. ಕ್ಯಾಮೆರಾ ಐದು ಹತ್ತು ಸೆಕೆಂಡು ಕಣ್ಣು ತೆರೆದಿಟ್ಟು ಬೆಳಕನ್ನು ಕೂಡಿಟ್ಟುಕೊಳ್ಳುತ್ತದೆ. ಬಣ್ಣ ಅಲ್ಲಿ ಇದ್ದದ್ದೇ, ನಮಗೆ ಎಟುಕಲಿಲ್ಲ ಅಷ್ಟೆ. ಪ್ರಭೆ ಬಲವಾದರೆ ಕಣ್ಣಿಗೂ ಬಣ್ಣ ಕಾಣುತ್ತದೆ, ಮೇ ತಿಂಗಳಲ್ಲಿ ಎಲ್ಲರಿಗೂ ಕಂಡಿತಲ್ಲ.

ನಮ್ಮ ಊರಿನ ಒಂದು ಸಂಗತಿ ಹೇಳಬೇಕು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಇದೇ ಕಂಬ್ರಿಯಾದ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯವರು, ಕೆಂಡಲ್‌ನಲ್ಲಿ ಶಾಲಾ ಮೇಷ್ಟ್ರಾಗಿದ್ದರು. ಅವರು ಇಲ್ಲಿ ವರ್ಷಗಟ್ಟಲೆ ಧ್ರುವಪ್ರಭೆಗಳನ್ನು ದಾಖಲಿಸಿ, ಅದರ ಕಮಾನು ಭೂಮಿಯ ಕಾಂತತ್ವಕ್ಕೆ ಹೊಂದಿಕೊಂಡು ನಿಲ್ಲುತ್ತದೆಂದು ಗುರುತಿಸಿ, 1793ರಲ್ಲಿ ಹವಾಮಾನದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಬರೆದರು. ಮರುವರ್ಷವೇ ಮ್ಯಾಂಚೆಸ್ಟರಿನಲ್ಲಿ ಅವರು ಓದಿದ ಪ್ರಬಂಧದ ವಿಷಯ ತಮ್ಮದೇ ಬಣ್ಣಗುರುಡು! ಅವರ ಕಣ್ಣನ್ನು ಮರಣಾನಂತರ ಕಾಪಿಟ್ಟಿದ್ದರು, 1995ರಲ್ಲಿ ಡಿಎನ್‌ಎ ಪರೀಕ್ಷಿಸಿದಾಗ ಹಸಿರು ಗ್ರಹಿಸುವ ವರ್ಣಕವೇ ಅವರಿಗೆ ಇರಲಿಲ್ಲವೆಂದು ತಿಳಿಯಿತು. ಉತ್ತರ ಇಂಗ್ಲೆಂಡಿನ ಪ್ರಭೆಯನ್ನು ಅಷ್ಟು ಶ್ರದ್ಧೆಯಿಂದ ನೋಡಿದವರಿಗೆ ಹಸಿರು ನಮ್ಮಂತೆ ಕಾಣುತ್ತಲೇ ಇರಲಿಲ್ಲ. ಬೂದು ಪಟ್ಟಿಯನ್ನು ಕಂಡು ನೀವು ಬೇಸರಪಡಬೇಕಾಗಿಲ್ಲ.

ಯಾರ್ಕ್ ಯಶೋದೆ
ಡಾಲ್ಟನ್ ವಿಷಯ ನನಗೆ ಗೊತ್ತಿರಲಿಲ್ಲ, ಆ ಮಟ್ಟಿಗೆ ಸೋತೆ. ಆದರೂ ಚಿತ್ರದ ಕೆಳಗೆ "ಕಣ್ಣಿಗೆ ಇಷ್ಟು ಕಾಣಲಿಲ್ಲ" ಎಂದು ಒಂದು ಸಾಲು ಬರೆಯಲು ಯಾರಿಗೂ ಕೈ ನೋಯುವುದಿಲ್ಲ. ಪ್ರಶ್ನೆ ಕೇಳಿದವರ ಅಮ್ಮ ಮೋಸ ಹೋಗಿರುವುದು ಆ ಒಂದು ಸಾಲು ಇಲ್ಲದ್ದರಿಂದಲೇ.

ಟೈನ್ ದಡದವಳು
ಅಕ್ಕ, ಬಾಣ ನೇರವಾಗಿ ನನಗೇ ತಾಗಿತು. ಇಂದೇ ಅಮ್ಮನಿಗೆ ಹೇಳುತ್ತೇನೆ. ಈಗ ಜಾಗ ತಿಳಿಸಿ. ಕೀಲ್ಡರ್‌ಗೆ ಹೋಗಿ ಎಂದು ಎಲ್ಲರೂ ಹೇಳುತ್ತಾರೆ.

ನಾರ್ತಂಬರ್ಲೆಂಡ್ ಅಲೆಮಾರಿ
ನಕ್ಷತ್ರ ನೋಡಲು ಕೀಲ್ಡರ್‌ಗೆ ಸಮನಾದ ಜಾಗ ಸುತ್ತಮುತ್ತ ಇಲ್ಲ. ಅದೂ ಸೇರಿರುವ ನಾರ್ತಂಬರ್ಲೆಂಡಿನ ಕತ್ತಲೆ ಆಕಾಶದ ಉದ್ಯಾನಕ್ಕೆ 2013ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಅದರ ವಿಸ್ತಾರ ಸುಮಾರು 1,500 ಚದರ ಕಿ.ಮೀ. ಆದರೆ ಮೇಷ್ಟ್ರ ಮುಷ್ಟಿ ಲೆಕ್ಕ ನೆನಪಿಡಿ: ಅಲ್ಲಿ ಎಲ್ಲೆಡೆ ಕಾಡು ಮತ್ತು ಗುಡ್ಡ, ತಗ್ಗಿನ ಉತ್ತರ ದಿಗಂತ ಸಿಗುವುದು ಕಷ್ಟ. ನನ್ನ ಅನುಭವದಲ್ಲಿ ಧ್ರುವಪ್ರಭೆಗೆ ಸಮುದ್ರತೀರವೇ ಮೇಲು, ಏಕೆಂದರೆ ಸಮುದ್ರ ಯಾವತ್ತೂ ಮರ ಬೆಳೆಸುವುದಿಲ್ಲ, ದೀಪ ಹಾಕುವುದಿಲ್ಲ.

ವಯಸ್ಸಾದವರ ಜೊತೆ ಹೋಗುವುದಾದರೆ ಬ್ಯಾಂಬರಾ ಒಳ್ಳೆಯದು. ನ್ಯೂಕಾಸಲ್‌ನಿಂದ ಎ1 ರಸ್ತೆಯಲ್ಲಿ ಸುಮಾರು ಒಂದು ಗಂಟೆ, ಕಾರು ನಿಲ್ಲಿಸಿದ ಜಾಗದಿಂದಲೇ ಕಡಲು ಕಾಣುತ್ತದೆ. ಡನ್‌ಸ್ಟನ್‌ಬರಾ ಕೋಟೆಯ ಹಾಳು ಗೋಡೆಗಳ ಹಿಂದೆ ಪ್ರಭೆ ಬೇಕೆಂದರೆ ಕ್ರಾಸ್ಟರ್ ಕಡೆಯಿಂದ ಹೋಗಬೇಕು, ಆಗ ಕೋಟೆ ಉತ್ತರಕ್ಕೆ ಇರುತ್ತದೆ; ಎಂಬಲ್ಟನ್ ಕಡೆಯಿಂದ ಹೋದವರು ಕೋಟೆಯ ಕಡೆ ತಿರುಗಿದರೆ ಪ್ರಭೆಗೆ ಬೆನ್ನು ಹಾಕಿರುತ್ತಾರೆ. ಆದರೆ ಅದು ಹುಲ್ಲುಗಾವಲಿನ ದಾರಿ, ಕತ್ತಲಲ್ಲಿ ಅಪ್ಪ ಅಮ್ಮನಿಗೆ ಬೇಡ. ಮನೆಗೆ ಹತ್ತಿರವೇ ಬೇಕಾದರೆ ವಿಟ್ಲಿ ಬೇ ದಂಡೆ ಸಾಕು, ಸೇಂಟ್ ಮೇರಿ ದೀಪಸ್ತಂಭ ಉತ್ತರಕ್ಕೇ ನಿಂತಿದೆ. ಯಾರ್ಕ್‌ಶೈರಿನವರಿಗೆ ವಿಟ್ಬಿಯ ಕರಾವಳಿ ಉತ್ತರಕ್ಕೆ ಮುಖ ಮಾಡಿದೆ, ಕಂಬ್ರಿಯಾದವರಿಗೆ ಸಿಲೋತ್ ಇದೆ.

ಬೆರಿಕ್ ಬಾಣಸಿಗ
ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆಯಬೇಕು. ಚಿತ್ರಗಳನ್ನು ನಂಬಿ ರಾತ್ರಿ ಹೋಲಿ ಐಲೆಂಡ್‌ಗೆ ಹೋಗಬೇಡಿ. ಆ ದ್ವೀಪಕ್ಕೆ ಹೋಗುವ ರಸ್ತೆಯನ್ನು ದಿನಕ್ಕೆ ಎರಡು ಬಾರಿ ಸಮುದ್ರ ಮುಚ್ಚುತ್ತದೆ. ಸುರಕ್ಷಿತ ಸಮಯದ ಪಟ್ಟಿ ನೋಡದೆ ಹೋದವರ ಕಾರುಗಳು ನೀರಿನಲ್ಲಿ ನಿಲ್ಲುವುದು ಹೊಸದಲ್ಲ, ಪ್ರಭೆ ನೋಡುತ್ತ ನಿಂತವರಿಗೆ ಗಡಿಯಾರ ನೆನಪಾಗುವುದಿಲ್ಲ. ಸೇಂಟ್ ಮೇರಿ ದೀಪಸ್ತಂಭದ ಸಣ್ಣ ದಾರಿಯೂ ಹಾಗೆಯೇ. ದಂಡೆಯಲ್ಲೇ ನಿಂತು ನೋಡಿ, ದಾಟಬೇಡಿ.

ಲೀಡ್ಸ್ ಲೆಕ್ಕಿಗ
ಇಷ್ಟೆಲ್ಲ ಓದಿದ ಮೇಲೂ ನಾನು ನಾರ್ವೆ ಎಂದೇ ಹೇಳುತ್ತೇನೆ. ಚಳಿ ಹೆಚ್ಚಿದ್ದಷ್ಟೂ ಪ್ರಭೆ ಹೆಚ್ಚು, ಅದು ಎಲ್ಲರಿಗೂ ತಿಳಿದದ್ದೇ.

ಡರ್ಹಾಮ್ ಮೇಷ್ಟ್ರು
ಎಲ್ಲರಿಗೂ ತಿಳಿದದ್ದು ತಪ್ಪು. ನೂರು ಕಿ.ಮೀ. ಮೇಲಿನ ವಿದ್ಯಮಾನಕ್ಕೆ ನಮ್ಮ ಮೂಗಿನ ತುದಿಯ ಚಳಿ ಲೆಕ್ಕಕ್ಕಿಲ್ಲ. ಮೋಡವಿಲ್ಲದ ರಾತ್ರಿ ಚಳಿ ಜಾಸ್ತಿ, ಮೋಡವಿಲ್ಲದಾಗಲೇ ಪ್ರಭೆ ಕಾಣುವುದು, ಆದ್ದರಿಂದ ಎರಡೂ ಜೊತೆಗೆ ಬಂದಂತೆ ತೋರುತ್ತದೆ. ನಿಜವಾದ ಕಾಲಗುಣ ಬೇರೊಂದಿದೆ: ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವಗಳ ಆಸುಪಾಸಿನಲ್ಲಿ ಸೌರಮಾರುತದ ಕಾಂತಕ್ಷೇತ್ರ ನಮ್ಮದರೊಂದಿಗೆ ಸುಲಭವಾಗಿ ಕೊಂಡಿ ಹಾಕಿಕೊಳ್ಳುತ್ತದೆ. ಪ್ರಶ್ನೆ ಕೇಳಿದವರ ತಂದೆತಾಯಿ ಬರುವುದು ಸರಿಯಾಗಿ ಆ ಸಮಯಕ್ಕೆ. ಜೂನಿನಲ್ಲಿ ಬಂದಿದ್ದರೆ ಇಲ್ಲಿ ಆಕಾಶ ಪೂರ್ತಿ ಕತ್ತಲಾಗುವುದೇ ಇಲ್ಲ.

ಲೀಡ್ಸ್ ಲೆಕ್ಕಿಗ
ಸರಿ, ಚಳಿಯ ಮಾತು ಹಿಂತೆಗೆದುಕೊಂಡೆ. ಆದರೆ ಟ್ರೊಮ್ಸೊ 69 ಡಿಗ್ರಿ ದಾಟಿದ ಊರು, ಉಂಗುರದ ಅಡಿಯಲ್ಲೇ ಇದೆ. ಅಲ್ಲಿ ಬಿರುಗಾಳಿಗೆ ಕಾಯಬೇಕಾಗಿಲ್ಲ ಎಂಬುದನ್ನಾದರೂ ಒಪ್ಪಿಕೊಳ್ಳಿ.

ಕೆಂಡಲ್ ಕನ್ನಡಿಗ
ಒಪ್ಪಿದೆವು. ಆದರೆ ಅಲ್ಲಿಯೂ ಮೋಡ ಸರಿಯಲು ಕಾಯಲೇಬೇಕು. ನಾನು ಮೂರು ರಾತ್ರಿಯ ಪ್ರವಾಸ ಕೊಂಡು ಮೂರು ರಾತ್ರಿಯೂ ಬಸ್ಸಿನಲ್ಲಿ ಮೋಡ ನೋಡಿದವನು. ಇಲ್ಲಿ ಏಳು ವಾರ, ಖರ್ಚು ಪೆಟ್ರೋಲಿಗೆ ಮಾತ್ರ. ಮಧ್ಯದ ದಾರಿ ಬೇಕೆಂದರೆ ಶೆಟ್‌ಲ್ಯಾಂಡ್‌ಗೆ ಹೋಗಿ, ಬೇರೆ ವೀಸಾ ಬೇಡ. ಅಲ್ಲಿಯವರು ಇದನ್ನು "ಮಿರಿ ಡ್ಯಾನ್ಸರ್ಸ್" ಎಂದು ಕರೆಯುತ್ತಾರೆ, ಮಿನುಗುವ ಕುಣಿತಗಾರರು.

ಬಸವನಗುಡಿಯಿಂದ
ಬೆಂಗಳೂರಿನಿಂದ ಓದುತ್ತಿದ್ದೇನೆ. ನಮಗೆ ಇಲ್ಲಿಂದ ಕಾಣುವ ಸಾಧ್ಯತೆ ಇದೆಯೇ?

ಡರ್ಹಾಮ್ ಮೇಷ್ಟ್ರು
ಬೆಂಗಳೂರಿನಿಂದ ಆಸೆ ಬೇಡ. ಆದರೆ ನಿಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ಇಟ್ಟಿರುವ ಕ್ಯಾಮೆರಾಗಳಲ್ಲಿ 2024ರ ಅದೇ ಮೇ ರಾತ್ರಿ ಕೆಂಪು ಪ್ರಭೆ ದಾಖಲಾಯಿತು. ನಾನು ಹೇಳಿದ ಎತ್ತರದ ಕೆಂಪು ಅದೇ. ತಳದ ಹಸಿರು ದಿಗಂತದ ಕೆಳಗೆ ಉಳಿದು ತುದಿ ಮಾತ್ರ ಇಣುಕಿತು. ನಮ್ಮ ಗೇಟ್ಸ್‌ಹೆಡ್‌ನ ತಂಗಿ ಹಿತ್ತಲಲ್ಲಿ ಕಂಡದ್ದೂ ಹಾನ್ಲೆಯ ಕ್ಯಾಮೆರಾ ಕಂಡದ್ದೂ ಒಂದೇ ಬಿರುಗಾಳಿ.

ಮೋಡದ ಮ್ಯಾಂಚೆಸ್ಟರ್
ಹಿರಿಯರಿಗೆ ಮಂಕಿ ಕ್ಯಾಪ್, ಎರಡು ಜೊತೆ ಕಾಲುಚೀಲ, ಫ್ಲಾಸ್ಕಿನಲ್ಲಿ ಕಾಫಿ ಮರೆಯಬೇಡಿ. ಕತ್ತಲಿಗೆ ಕಣ್ಣು ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ಯಾರಾದರೂ ಮೊಬೈಲ್ ಬೆಳಗಿದರೆ ಲೆಕ್ಕ ಮತ್ತೆ ಮೊದಲಿನಿಂದ. ಯಜಮಾನರ ಮೊಬೈಲ್ ಮೊದಲು ಕಸಿದುಕೊಳ್ಳಿ.

ಟೈನ್ ದಡದವಳು
ಒಂದೂವರೆ ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ನಾರ್ವೆಗೆ ಹೋಗಲಿಲ್ಲ.

ಮೊದಲ ಬಾರಿ ಅಂಬರ್ ಎಚ್ಚರಿಕೆ ಬಂದ ರಾತ್ರಿ ಬ್ಯಾಂಬರಾ ತಲುಪುವ ಹೊತ್ತಿಗೆ ಸಮುದ್ರದಿಂದ ಮಂಜು ಎದ್ದು ಕೋಟೆಯೇ ಕಾಣದಾಯಿತು. ಇಲ್ಲಿಯವರು ಅದನ್ನು ಫ್ರೆಟ್ ಎನ್ನುತ್ತಾರೆ. ಅಪ್ಪ "ಇದಕ್ಕೆ ಆಗುಂಬೆಯೇ ಸಾಕಿತ್ತು" ಎಂದರು. ಎರಡನೆಯ ಬಾರಿ ಎಚ್ಚರಿಕೆ ಸುಳ್ಳಾಗಲಿಲ್ಲ, ಆದರೆ ನಾವು ಹೊರಡುವಷ್ಟರಲ್ಲಿ ಮುಗಿದಿತ್ತು. ಮೂರನೆಯದು ಕಳೆದ ವಾರ.

ಕಾರಿನ ದೀಪ ಆರಿಸಿ, ಮೊಬೈಲುಗಳನ್ನೆಲ್ಲ ನನ್ನ ಚೀಲಕ್ಕೆ ಹಾಕಿಕೊಂಡು, ಉತ್ತರಕ್ಕೆ ಮುಖ ಮಾಡಿ ಕುಳಿತೆವು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಮೇಷ್ಟ್ರು ಹೇಳಿದ ಮುಷ್ಟಿಯಷ್ಟು ಎತ್ತರದಲ್ಲಿ ಕಡಲಿನ ಮೇಲೆ ಒಂದು ಮಸುಕು ಕಮಾನು ಇರುವುದನ್ನು ಮೊದಲು ಗುರುತಿಸಿದ್ದು ಅಮ್ಮನೇ. "ಆಕಾಶದ ಹಣೆಗೆ ವಿಭೂತಿ ಎಳೆದ ಹಾಗಿದೆ" ಎಂದರು. ಅಪ್ಪ ಅದು ಸ್ಕಾಟ್ಲೆಂಡಿನ ಯಾವುದೋ ಊರಿನ ದೀಪವೆಂದು ವಾದಿಸಿದರು. ವಾದ ನಡೆಯುತ್ತಿದ್ದಾಗಲೇ ಆ ಪಟ್ಟಿಯಿಂದ ಎರಡು ಮೂರು ಕಂಬಗಳು ಎದ್ದು, ನಿಧಾನವಾಗಿ ಎಡಕ್ಕೆ ಸರಿದು, ಕರಗಿದವು. ಅಪ್ಪ ಸುಮ್ಮನಾದರು. ಎಲ್ಲ ಸೇರಿ ಹನ್ನೆರಡು ನಿಮಿಷ ಇರಬಹುದು.

ಯಜಮಾನರು ತೆಗೆದ ಚಿತ್ರದಲ್ಲಿ ಯಶೋದಕ್ಕ ಹೇಳಿದ ಮದುವೆ ಮಂಟಪದ ಹಸಿರೇ ಬಂದಿದೆ. ಅದನ್ನು ಗುಂಪಿಗೆ ಹಾಕಲು ಹೊರಟಾಗ ಅಮ್ಮ ತಡೆದರು: "ನಾನು ಕಂಡದ್ದು ಅದಲ್ಲ, ಅದನ್ನು ಕಳಿಸಬೇಡ." ಆಮೇಲೆ ತಾವೇ ತಂಗಿಗೆ ಫೋನ್ ಮಾಡಿ ಆ ವಿಭೂತಿಯ ಪಟ್ಟಿಯನ್ನು ಇಪ್ಪತ್ತು ನಿಮಿಷ ವರ್ಣಿಸಿದರು, ಪ್ರಭೆ ಇದ್ದದ್ದಕ್ಕಿಂತ ಹೆಚ್ಚು ಹೊತ್ತು.

ಸಂಡರ್ಲೆಂಡ್ ಸಂಸಾರಿ
ಯಾವ ರಾತ್ರಿ, ಎಷ್ಟು ಗಂಟೆಗೆ? ಅಂಬರ್ ನನಗೂ ಬಂದಿತ್ತು, ಹುಲ್ಲು ಯಂತ್ರವಿರಬೇಕೆಂದು ಮಲಗಿಬಿಟ್ಟೆ.

ಟೈನ್ ದಡದವಳು
ಗುರುವಾರ, ಹತ್ತೂ ಮುಕ್ಕಾಲಿಗೆ. ಮಡದಿಗೆ ಹೇಳಬೇಡಿ ಅಣ್ಣ.